ಭದ್ರತಾ ಮಂಡಳಿಯ ಕಾಯಂ ಸ್ಥಾನ: ಮತ್ತೆ ಮತ್ತೆ ಬರುವ ಒಂದು ಪ್ರಶ್ನೆ

ಅಂತರರಾಷ್ಟ್ರೀಯ ಸಂಬಂಧಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿಕೊಂಡಾಗ ಉಕ್ರೇನ್, ಗಾಜಾ, ಸುಂಕದ ಜಗಳ, ಅಣ್ವಸ್ತ್ರ ಎಂದು ಬಗೆಬಗೆಯ ಪತ್ರಗಳು ಬರಬಹುದೆಂದು ಎಣಿಸಿದ್ದೆ. ಬಂದವುಗಳಲ್ಲಿ ಹೆಚ್ಚಿನವು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತಕ್ಕೆ ಕಾಯಂ ಸ್ಥಾನ ಯಾವಾಗ ಎಂಬ ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳು. ತರಗತಿಯಲ್ಲಿ ಮೂವತ್ತು ವರ್ಷ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ; ನಿವೃತ್ತನಾದ ಮೇಲೂ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಅದನ್ನೇ ಕೇಳುತ್ತಾರೆ. ಆದ್ದರಿಂದ ಈ ಸಲ ಬಹುಪಾಲು ಜಾಗ ಇದಕ್ಕೇ ಮೀಸಲು. ವಿಶ್ವಸಂಸ್ಥೆ ಎಂದರೇನು, ವೀಟೊ ಎಂದರೇನು ಎಂಬಲ್ಲಿಂದ ನಾನು ಶುರುಮಾಡುವುದಿಲ್ಲ.

ಪ್ರಶ್ನೆ: 1950ರಲ್ಲಿ ತಾನಾಗಿ ಬಂದ ಕಾಯಂ ಸ್ಥಾನವನ್ನು ನೆಹರೂ ಚೀನಾಕ್ಕೆ ಬಿಟ್ಟುಕೊಟ್ಟರಂತೆ. ಈಗ ಅಮೆರಿಕ, ರಷ್ಯಾ, ಫ್ರಾನ್ಸ್ ಎಲ್ಲವೂ ನಮ್ಮ ಪರವಾಗಿವೆ. ಹಾಗಾದರೆ ಭಾರತಕ್ಕೆ ಆ ಸ್ಥಾನ ಯಾವ ವರ್ಷ ಸಿಗುತ್ತದೆ? (ದಾವಣಗೆರೆಯ ಓದುಗರೊಬ್ಬರು)

ವರ್ಷ ಹೇಳುವವರು ಯಾರೇ ಆಗಿರಲಿ, ಅವರ ಮಾತನ್ನು ನಂಬಬೇಡಿ. ಈ ಸ್ಥಾನ ಯೋಗ್ಯತೆ ನೋಡಿ ಕೊಡುವ ಪ್ರಶಸ್ತಿಯಲ್ಲ, ದೊಡ್ಡ ದೇಶವೊಂದು ಕೈಯೆತ್ತಿ ಕೊಡುವ ಉಡುಗೊರೆಯೂ ಅಲ್ಲ. ಅದು ಒಂದು ಒಪ್ಪಂದದ ವಿಧಿಯಲ್ಲಿ ಬರೆದಿಟ್ಟ ಹೆಸರು, ಹೆಸರು ಸೇರಬೇಕಾದರೆ ಆ ವಿಧಿ ತಿದ್ದುಪಡಿಯಾಗಬೇಕು.

ಅಂಗೈ ಅಗಲದ, ನೀಲಿ ಹೊದಿಕೆಯ, ವಿಶ್ವಸಂಸ್ಥೆಯ ಸ್ಥಾಪನಾ ಒಪ್ಪಂದವಾದ ಸನ್ನದಿನ ಪುಸ್ತಿಕೆಯೊಂದು ನನ್ನ ಮೇಜಿನ ಮೇಲಿದೆ. ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಅದನ್ನು ಯಾವನಾದರೂ ವಿದ್ಯಾರ್ಥಿಯ ಕೈಗೆ ಕೊಟ್ಟು 23ನೆಯ ವಿಧಿಯನ್ನು ಗಟ್ಟಿಯಾಗಿ ಓದಲು ಹೇಳುತ್ತಿದ್ದೆ. ಎರಡನೆಯ ವಾಕ್ಯ ಬರುತ್ತಿದ್ದಂತೆ ಓದುವವನ ದನಿ ನಿಲ್ಲುತ್ತಿತ್ತು, ಏಕೆಂದರೆ ಅಲ್ಲಿ ಕಾಯಂ ಸದಸ್ಯರ ಪಟ್ಟಿಯಲ್ಲಿ ಇಂದಿಗೂ 'ರಿಪಬ್ಲಿಕ್ ಆಫ್ ಚೀನಾ' ಎಂದೂ 'ಸೋವಿಯತ್ ಸಮಾಜವಾದಿ ಗಣರಾಜ್ಯಗಳ ಒಕ್ಕೂಟ' ಎಂದೂ ಅಚ್ಚಾಗಿದೆ. 1971ರ ಅಕ್ಟೋಬರ್ 25ರಂದು ಎಲ್ಲ ಸದಸ್ಯ ದೇಶಗಳೂ ಇರುವ ಸಾಮಾನ್ಯ ಸಭೆಯ 2758ನೆಯ ನಿರ್ಣಯದ ಮೂಲಕ ತೈಪೆಯ, ಅಂದರೆ ತೈವಾನ್ ಸರ್ಕಾರದ, ಪ್ರತಿನಿಧಿಗಳು ಹೊರಬಿದ್ದು ಬೀಜಿಂಗ್‌ನವರು ಒಳಬಂದರು. 1991ರ ಡಿಸೆಂಬರ್‌ನಲ್ಲಿ ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ಅವರ ಒಂದು ಪತ್ರದ ಆಧಾರದ ಮೇಲೆ ರಷ್ಯಾ ಸೋವಿಯತ್ ಕುರ್ಚಿಯಲ್ಲಿ ಕುಳಿತಿತು. ಎರಡೂ ಸಲ ಕುಳಿತವರು ಬದಲಾದರೇ ಹೊರತು ಸನ್ನದಿನ ಒಂದು ಅಕ್ಷರವೂ ಬದಲಾಗಲಿಲ್ಲ. ಸನ್ನದನ್ನು ತಿದ್ದುವುದು ಎಷ್ಟು ಕಷ್ಟವೆಂಬುದಕ್ಕೆ ಆ ಎರಡು ಹಳೆಯ ಹೆಸರುಗಳೇ ಸಾಕ್ಷಿ.

ಈಗ ನೆಹರೂ ವಿಷಯ. 1950ರ ಆರಂಭದಲ್ಲಿ ಚೀನಾದ ಕುರ್ಚಿಯಲ್ಲಿ, ಕಮ್ಯುನಿಸ್ಟರಿಗೆ ಸೋತು ತೈವಾನ್ ಸೇರಿದ್ದ ಚಿಯಾಂಗ್ ಕೈ ಷೇಕ್ ಸರ್ಕಾರದ ಪ್ರತಿನಿಧಿ ಕುಳಿತಿದ್ದರು. ಅದನ್ನು ಪ್ರತಿಭಟಿಸಿ ಸೋವಿಯತ್ ಪ್ರತಿನಿಧಿ ಜನವರಿಯಿಂದಲೇ ಸಭೆಗೆ ಬರುವುದನ್ನು ನಿಲ್ಲಿಸಿದ್ದರು. ಆ ಜೂನ್‌ನಲ್ಲಿ ಸರದಿಯ ಪ್ರಕಾರ ಮಂಡಳಿಯ ಅಧ್ಯಕ್ಷತೆ ಭಾರತದ್ದು. ಕುರ್ಚಿಯಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್. ಜೂನ್ 25ರಂದು ಕೊರಿಯಾ ಯುದ್ಧದ ಕುರಿತ ಮೊದಲ ನಿರ್ಣಯ ಅವರ ಅಧ್ಯಕ್ಷತೆಯಲ್ಲೇ ಅಂಗೀಕಾರವಾಯಿತು, ವೀಟೊ ಹಾಕಿ ನಿರ್ಣಯವನ್ನು ಒಬ್ಬರೇ ತಡೆಯಬಹುದಾಗಿದ್ದ ಸೋವಿಯತ್ ಪ್ರತಿನಿಧಿಯ ಕುರ್ಚಿ ಖಾಲಿ ಇದ್ದುದರಿಂದ. ನಮ್ಮ ಜಿಲ್ಲೆಯ ಮಕ್ಕಳಿಗೆ ಈ ಹೆಸರು ಗೊತ್ತಿಲ್ಲದಿರುವುದು ನನಗೆ ಇವತ್ತಿಗೂ ನೋವಿನ ಸಂಗತಿ.

ಇದಾದ ಎರಡು ತಿಂಗಳಿಗೆ, ವಾಷಿಂಗ್ಟನ್‌ನಲ್ಲಿ ರಾಯಭಾರಿಯಾಗಿದ್ದ ವಿಜಯಲಕ್ಷ್ಮಿ ಪಂಡಿತ್ ತಮ್ಮ ಅಣ್ಣನಿಗೆ ಪತ್ರ ಬರೆದು, ಚೀನಾವನ್ನು ಇಳಿಸಿ ಭಾರತವನ್ನು ಕೂರಿಸುವ ಮಾತು ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ನಡೆಯುತ್ತಿದೆ ಎಂದು ತಿಳಿಸಿದರು. ಆ ಸ್ಥಾನಕ್ಕೆ ಭಾರತ ಅರ್ಹವೇ, ಆದರೆ ಚೀನಾದ ಸ್ಥಾನ ಕಸಿದು ಹೋಗುವುದು ಬೇಡ ಎಂದು ನೆಹರೂ ಮರುಪತ್ರ ಬರೆದರು. 1955ರಲ್ಲಿ ಮಾಸ್ಕೋದಲ್ಲಿ ಸೋವಿಯತ್ ಪ್ರಧಾನಿ ಬುಲ್ಗಾನಿನ್ ಆರನೆಯ ಕಾಯಂ ಸದಸ್ಯನಾಗಿ ಭಾರತ ಎಂಬ ಮಾತೆತ್ತಿದಾಗಲೂ, ಮೊದಲು ಚೀನಾದ ಪ್ರಶ್ನೆ ಬಗೆಹರಿಯಲಿ ಎಂದರು. ಅದೇ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂದಾಗ ಅಂತಹ ಯಾವ ಆಹ್ವಾನವೂ ಬಂದಿಲ್ಲವೆಂದು ಉತ್ತರಿಸಿದರು.

ಹಾಗಾದರೆ ಎಲ್ಲವೂ ಸುಳ್ಳೇ? ಅಲ್ಲ. ನಾಡಿ ಹಿಡಿದು ನೋಡುವ ಮಾತುಗಳು ಎರಡು ಸಲ ಬಂದದ್ದು ನಿಜ. ನೆಹರೂ ಅವನ್ನು ಇನ್ನಷ್ಟು ಕೆದಕಿ ನೋಡಬಹುದಿತ್ತು ಎಂದು ಯಾರಾದರೂ ವಾದಿಸಿದರೆ ಆ ವಾದವನ್ನು ಗೌರವದಿಂದ ಕೇಳುತ್ತೇನೆ. ಚೀನಾದ ಬಗ್ಗೆ ಅವರಿಗಿದ್ದ ಭರವಸೆ ಮುಂದೆ ಎಷ್ಟು ದುಬಾರಿಯಾಯಿತೆಂಬುದು 1962ರಲ್ಲಿ ಗೊತ್ತಾಯಿತು. ಆದರೆ 'ಕೈಗೆ ಬಂದ ಸ್ಥಾನ' ಎಂಬುದು ಶುದ್ಧ ಸುಳ್ಳು. 1950ರಲ್ಲಿ ಅಮೆರಿಕ ಎಷ್ಟೇ ಬಯಸಿದರೂ ತಿದ್ದುಪಡಿಗೆ ಸೋವಿಯತ್ ಒಕ್ಕೂಟದ ಅನುಮೋದನೆ ಬೇಕಿತ್ತು, ಆ ಒಕ್ಕೂಟವೋ ಅದೇ ಕುರ್ಚಿಗೆ ಬೀಜಿಂಗ್‌ನವರನ್ನು ಕರೆತರಲು ಹಟ ಹಿಡಿದು ಕುಳಿತಿತ್ತು. ಅಷ್ಟೇ ಅಲ್ಲ, ಸ್ಥಾನ ಕಳೆದುಕೊಳ್ಳಬೇಕಾದ ಚಿಯಾಂಗ್ ಸರ್ಕಾರವೇ ತನ್ನ ಪದಚ್ಯುತಿಗೆ ಸಹಿ ಹಾಕಬೇಕಿತ್ತು. 1955ರಲ್ಲಿ ಸೋವಿಯತ್ ಮಾತು ನಡೆಯಬೇಕಾದರೆ ಅಮೆರಿಕ ಒಪ್ಪಬೇಕಿತ್ತು. ಕೊಡುವ ಅಧಿಕಾರ ಒಬ್ಬರಿಗೇ ಇರದಿದ್ದುದನ್ನು ಬಿಟ್ಟುಕೊಡುವುದಾದರೂ ಹೇಗೆ? ಚುನಾವಣೆ ಬಂದಾಗಲೆಲ್ಲ ಈ ಕಥೆಯನ್ನು ಹೊಸ ಬಣ್ಣ ಬಳಿದು ಹಂಚುವವರಿಗೂ, ಸನ್ನದಿನ ತಿದ್ದುಪಡಿಯ ಕ್ರಮ ಹೇಳುವ 108ನೆಯ ವಿಧಿಯನ್ನು ಒಮ್ಮೆಯೂ ತೆರೆದು ನೋಡದೆ ಟಿವಿಯಲ್ಲಿ ಗಂಟೆಗಟ್ಟಲೆ ಮಾತಾಡುವ 'ರಕ್ಷಣಾ ತಜ್ಞ'ರಿಗೂ ನಾನು ಹೇಳುವುದು ಇಷ್ಟೇ: ಜನರನ್ನು ದಾರಿ ತಪ್ಪಿಸಬೇಡಿ.

ಆ 108ನೆಯ ವಿಧಿಯ ಪ್ರಕಾರ ತಿದ್ದುಪಡಿಗೆ ಸಾಮಾನ್ಯ ಸಭೆಯ ಒಟ್ಟು ಸದಸ್ಯರಲ್ಲಿ ಮೂರನೆಯ ಎರಡು ಭಾಗದಷ್ಟು ಮತ ಬೇಕು. ಆಮೇಲೆ ಐವರು ಕಾಯಂ ಸದಸ್ಯರೂ ಸೇರಿ ಮೂರನೆಯ ಎರಡು ಭಾಗದಷ್ಟು ದೇಶಗಳು ತಮ್ಮ ತಮ್ಮ ಸಂವಿಧಾನದ ಕ್ರಮದಂತೆ ಅನುಮೋದಿಸಬೇಕು. ಇಂದಿನ 193 ಸದಸ್ಯರಲ್ಲಿ ಅದು 129. ತಟಸ್ಥರಾಗಿ ಉಳಿದವರೂ ಇಲ್ಲಿ ವಿರೋಧಿಗಳಷ್ಟೇ ಭಾರ. 2010ರಲ್ಲಿ ಒಬಾಮಾ ನಮ್ಮ ಸಂಸತ್ತಿನಲ್ಲಿ ನಿಂತು ಬೆಂಬಲ ಘೋಷಿಸಿದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆ ಭಾಷಣ ಅಮೆರಿಕದ ಸೆನೆಟ್‌ನ ಅನುಮೋದನೆಯಲ್ಲ.

ಒಂದೇ ಒಂದು ಸಲ ಮಂಡಳಿಯ ಗಾತ್ರ ಬದಲಾಗಿದೆ. 1963ರ ಡಿಸೆಂಬರ್ 17ರಂದು ಕಾಯಂ ಅಲ್ಲದ ಸ್ಥಾನಗಳನ್ನು ಆರರಿಂದ ಹತ್ತಕ್ಕೆ ಏರಿಸುವ ನಿರ್ಣಯ 97 ಮತಗಳಿಂದ ಗೆದ್ದಿತು. ಆಗ ಸೋವಿಯತ್ ಒಕ್ಕೂಟ ಮತ್ತು ಫ್ರಾನ್ಸ್ ವಿರುದ್ಧ ಮತ ಹಾಕಿದವು, ಅಮೆರಿಕ ಮತ್ತು ಬ್ರಿಟನ್ ತಟಸ್ಥವಾಗಿದ್ದವು. ಐವರಲ್ಲಿ ಪರವಾಗಿದ್ದದ್ದು ತೈಪೆಯ ಚೀನಾ ಮಾತ್ರ. ಆದರೂ ಎರಡು ವರ್ಷ ತುಂಬುವ ಮೊದಲೇ, 1965ರ ಆಗಸ್ಟ್ 31ಕ್ಕೆ, ಐವರೂ ಅನುಮೋದಿಸಿ ಅದು ಜಾರಿಗೆ ಬಂತು. ಹೊಸದಾಗಿ ಸ್ವತಂತ್ರವಾದ ಏಷ್ಯಾ ಮತ್ತು ಆಫ್ರಿಕಾದ ದೇಶಗಳು ಒಟ್ಟಾಗಿ ನಿಂತಾಗ ಅವುಗಳನ್ನು ಎದುರು ಹಾಕಿಕೊಂಡು ಕೂರುವುದು ಯಾರಿಗೂ ಬೇಕಿರಲಿಲ್ಲ. ಸಾಮಾನ್ಯ ಸಭೆಯಲ್ಲಿ ವೀಟೊ ಇಲ್ಲ ಎಂಬುದನ್ನೂ ನೆನಪಿಡಿ. ಮತಗಳು ಮೊದಲು ಸೇರಬೇಕು, ದೊಡ್ಡವರ ಮನಸ್ಸು ಆಮೇಲೆ ಬದಲಾಗುತ್ತದೆ. ನಮ್ಮ ಜನ ಇದನ್ನು ಸದಾ ತಿರುಗುಮುರುಗು ಮಾಡಿ ಯೋಚಿಸುತ್ತಾರೆ.

ಮತಗಳು ಎಲ್ಲಿವೆ? ಆಫ್ರಿಕಾದಲ್ಲಿ 54. ಅವು ದೂರ ನಿಂತರೆ ಉಳಿದ 139ರಲ್ಲಿ 129 ಗಳಿಸಬೇಕಾಗುತ್ತದೆ. ಪಾಕಿಸ್ತಾನ, ಇಟಲಿ, ದಕ್ಷಿಣ ಕೊರಿಯಾ, ಮೆಕ್ಸಿಕೊ, ಅರ್ಜೆಂಟೀನಾ ಮುಂತಾದವು ಹೊಸ ಕಾಯಂ ಸ್ಥಾನಗಳೇ ಬೇಡವೆಂದು ಗುಂಪು ಕಟ್ಟಿಕೊಂಡಿರುವಾಗ ಅದು ಆಗದ ಮಾತು. 2005ರಲ್ಲಿ ಬ್ರೆಜಿಲ್, ಜರ್ಮನಿ, ಜಪಾನ್ ಜೊತೆಗೂಡಿ ನಾವು ಕರಡು ನಿರ್ಣಯ ಮಂಡಿಸಿದ್ದೆವು. ಹೊಸ ಕಾಯಂ ಸದಸ್ಯರ ವೀಟೊ ಪ್ರಶ್ನೆಯನ್ನು 15 ವರ್ಷ ಮುಂದೂಡಲು ಒಪ್ಪಿದ್ದೆವು. ಆಫ್ರಿಕನ್ ಒಕ್ಕೂಟವೋ ತಾನು ಕೇಳುತ್ತಿದ್ದ ಎರಡು ಕಾಯಂ ಸ್ಥಾನಗಳಿಗೆ ವೀಟೊ ಬೇಕೇಬೇಕೆಂದು ಪಟ್ಟು ಹಿಡಿಯಿತು. ಆಗಸ್ಟ್ ಆರಂಭದಲ್ಲಿ ಅಡಿಸ್ ಅಬಾಬಾದ ಶೃಂಗಸಭೆ ರಾಜಿಯನ್ನು ತಳ್ಳಿಹಾಕಿತು, ನಮ್ಮ ಕರಡು ಮತಕ್ಕೇ ಹೋಗಲಿಲ್ಲ. 2009ರಿಂದ ಸರ್ಕಾರಗಳ ನಡುವಿನ ಮಾತುಕತೆ ವರ್ಷವರ್ಷವೂ ನಡೆಯುತ್ತಿದೆ. 2024ರ ಸೆಪ್ಟೆಂಬರ್‌ನ ವಿಶ್ವಸಂಸ್ಥೆಯ 'ಭವಿಷ್ಯದ ಒಪ್ಪಂದ' ಎಂಬ ದಾಖಲೆಯೂ ಸುಧಾರಣೆ ಬೇಕೆಂದಿತು, ದಿನಾಂಕ ಹೇಳಲಿಲ್ಲ.

ಆದ್ದರಿಂದ ನಿಜವಾಗಿ ಗಮನಿಸಬೇಕಾದದ್ದು ಅಧ್ಯಕ್ಷರ ಅಪ್ಪುಗೆಯ ಚಿತ್ರಗಳನ್ನಲ್ಲ. ಆಫ್ರಿಕಾದಲ್ಲಿ 18 ಹೊಸ ರಾಯಭಾರ ಕಚೇರಿಗಳನ್ನು ತೆರೆಯಲು ಕೇಂದ್ರ ಸಂಪುಟ 2018ರಲ್ಲಿ ಒಪ್ಪಿದ್ದು, 2023ರ ದೆಹಲಿ ಜಿ20 ಸಭೆಯಲ್ಲಿ ಆಫ್ರಿಕನ್ ಒಕ್ಕೂಟ ಸದಸ್ಯನಾದದ್ದು, ಇಂತಹವು ಈ ದಾರಿಯ ಹೆಜ್ಜೆಗಳು. ನನ್ನ ಸ್ವಂತ ಅಭಿಪ್ರಾಯ: ವೀಟೊ ಇಲ್ಲದ ಕಾಯಂ ಸ್ಥಾನ ಸಿಕ್ಕರೂ ಒಪ್ಪಿಕೊಳ್ಳಬೇಕು, ಅದು ಅವಮಾನವೆಂದು ಕೂಗುವವರ ಮಾತಿಗೆ ಕಿವಿಗೊಡಬಾರದು.

ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. 2022ರ ಫೆಬ್ರುವರಿ 25ರಂದು ಉಕ್ರೇನ್ ಮೇಲಿನ ದಾಳಿಯ ನಿರ್ಣಯಕ್ಕೆ 11 ಮತ ಬಂದರೂ ರಷ್ಯಾದ ವೀಟೊ ಅದನ್ನು ಮುಗಿಸಿತು. ನಾವು, ಚೀನಾ, ಯುಎಇ ತಟಸ್ಥವಾಗಿದ್ದೆವು. ಚುನಾಯಿತನಾಗಿ ಎರಡು ವರ್ಷ ಮಾತ್ರ ಕೂರುವ ಸದಸ್ಯನಿಗೆ ಹೀಗೆ ಪಕ್ಕಕ್ಕೆ ಸರಿಯುವುದು ಸುಲಭ. ಕಾಯಂ ಆಗಿ ಕುಳಿತವನೂ ತಟಸ್ಥನಾಗಬಹುದು, ಆದರೆ ತೈವಾನ್, ಪ್ಯಾಲೆಸ್ಟೀನ್, ಸುಡಾನ್ ಎಲ್ಲದರಲ್ಲೂ ವರ್ಷದುದ್ದಕ್ಕೂ ನಿಲುವು ತೋರಿಸಬೇಕಾಗುತ್ತದೆ, ಪ್ರತಿ ಸಲವೂ ಯಾರನ್ನಾದರೂ ನೋಯಿಸಬೇಕಾಗುತ್ತದೆ. ಸ್ಥಾನ ಬೇಕೆನ್ನುವ ಪತ್ರಗಳು ನೂರಾರು ಬಂದವು, ಕುಳಿತ ಮೇಲೆ ಏನು ಮಾಡಬೇಕೆಂದು ಕೇಳಿದ ಪತ್ರ ಒಂದೂ ಬರಲಿಲ್ಲ. ಒಂದು ದೇಶ ಇನ್ನೊಂದರ ಗಡಿಯನ್ನು ಸೈನ್ಯ ಕಳುಹಿಸಿ ಬದಲಿಸಬಾರದೆಂಬ ನಿಯಮ ನಮ್ಮ ಕಣ್ಣೆದುರೇ ಸವೆಯುತ್ತಿದೆ, ಉತ್ತರದ ಗಡಿಯಲ್ಲಿ ಅದೇ ನಿಯಮ ನಮಗೂ ಬೇಕು. ನನಗೆ ರಾತ್ರಿ ನಿದ್ದೆ ಕೆಡಿಸುವ ವಿಷಯ ಇದು.

ಪ್ರಶ್ನೆ: ಮೂರನೆಯ ಮಹಾಯುದ್ಧ ಈ ವರ್ಷವೇ ಎಂದು ಟಿವಿಯಲ್ಲಿ ಜ್ಯೋತಿಷಿಯೊಬ್ಬರು ಗ್ರಹಗತಿ ನೋಡಿ ಹೇಳಿದರು. ನಿಜವೇ?

ಸುಳ್ಳು, ಹೆದರಿಸಿ ಹಣ ಮಾಡುವವರ ಬಾಗಿಲಿಗೆ ಹೋಗಬೇಡಿ, ಮನೆಯ ಹಿರಿಯರನ್ನೂ ಹೋಗಗೊಡಬೇಡಿ.

ಪ್ರಶ್ನೆ: ಬ್ರಿಕ್ಸ್ ನೋಟು ಬಂದಿದೆಯಂತೆ. ಮಗ ಕಳುಹಿಸುವ ಡಾಲರನ್ನು ಈಗಲೇ ಬದಲಿಸಿಕೊಳ್ಳಲೇ?

2024ರಲ್ಲಿ ಕಜಾನ್ ಶೃಂಗಸಭೆಯಲ್ಲಿ ಪುಟಿನ್ ಕೈಯಲ್ಲಿ ಕಂಡದ್ದು ಒಂದು ಮಾದರಿ ನೋಟು, ಚಲಾವಣೆಯ ಹಣವಲ್ಲ. ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಮುಂತಾದ ದೇಶಗಳ ಕೂಟವಾದ ಬ್ರಿಕ್ಸ್‌ಗೆ ಇರುವುದು ಶಾಂಘೈನಲ್ಲಿ ಒಂದು ಬ್ಯಾಂಕು. ಅದರ ಮೊದಲ ಅಧ್ಯಕ್ಷರು ಮಂಗಳೂರಿನವರೇ ಆದ ಕೆ. ವಿ. ಕಾಮತ್. ಡಾಲರನ್ನು ಬದಿಗೊತ್ತುವ ಉದ್ದೇಶ ಭಾರತಕ್ಕಿಲ್ಲವೆಂದು ವಿದೇಶಾಂಗ ಸಚಿವ ಜೈಶಂಕರ್ ಸ್ಪಷ್ಟವಾಗಿಯೇ ಹೇಳಿದ್ದಾರೆ. 'ಬ್ರಿಕ್ಸ್ ಕಾಯಿನ್' ಮಾರಲು ಬಂದವನ ನಂಬರನ್ನು ಪೊಲೀಸರಿಗೆ ಕೊಡಿ.

ಪ್ರಶ್ನೆ: ಸ್ಥಾನ ಕೊಡದಿದ್ದರೆ ನಾವು ವಿಶ್ವಸಂಸ್ಥೆಯನ್ನೇ ಬಿಟ್ಟು ಬರಬಾರದೇಕೆ?

ಮಲೇಷ್ಯಾಕ್ಕೆ ಮಂಡಳಿಯ ಸ್ಥಾನ ಸಿಕ್ಕಿತೆಂದು ಸಿಟ್ಟಾಗಿ 1965ರ ಜನವರಿಯಲ್ಲಿ ಹೊರನಡೆದ ಇಂಡೊನೇಷ್ಯಾ 1966ರ ಸೆಪ್ಟೆಂಬರ್‌ನಲ್ಲಿ ಮರಳಿ ಬಂತು.

ಪ್ರಶ್ನೆ: ನಮ್ಮ ರಾಷ್ಟ್ರಗೀತೆ ಜಗತ್ತಿನಲ್ಲೇ ಶ್ರೇಷ್ಠವೆಂದು ಯುನೆಸ್ಕೊ ಘೋಷಿಸಿತಲ್ಲವೇ?

ಇಲ್ಲ. ಇನ್ನು ಮುಂದೆ ಈ ಸಂದೇಶವನ್ನು ನನಗೆ ಕಳುಹಿಸಬೇಡಿ.

ಪ್ರಶ್ನೆ: ಈ ವಿಷಯದಲ್ಲಿ ಎಂ.ಎ. ಮಾಡಬೇಕೆಂದಿದ್ದೇನೆ. ಮೊದಲು ಯಾವ ಪುಸ್ತಕ ಓದಲಿ ಸರ್? (ಧಾರವಾಡದ ವಿದ್ಯಾರ್ಥಿನಿ)

ಸನ್ನದನ್ನೇ ಓದಮ್ಮ. ಒಟ್ಟು 111 ವಿಧಿಗಳು, ಒಂದು ಸಂಜೆಯ ಕೆಲಸ. ಮಂಡಳಿಯ ಮತದಾನದ ಕ್ರಮ ಹೇಳುವ 27ನೆಯದನ್ನೂ 108ನೆಯದನ್ನೂ ಎರಡೆರಡು ಸಲ ಓದು. ಅರ್ಥವಾಗದ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಆ ಪುಟದ ಚಿತ್ರ ಕಳುಹಿಸು, ಮುಂದಿನ ಸಲ ಅಲ್ಲಿಂದಲೇ ಶುರುಮಾಡುತ್ತೇನೆ.