ಹೆರೋದನನ್ನು ನರಿ ಅಂದದ್ದು ನಿಜ, ಆದರೆ...

ಓದುಗರ ಪತ್ರ: ಮಾನ್ಯ ಸಂಪಾದಕರೇ, ಪ್ರತಿ ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಆಳುವವರಿಗಾಗಿ ಪ್ರಾರ್ಥನೆ ಮಾಡಿಸುತ್ತಾರೆ. ನಮ್ಮನ್ನು ಅನುಮಾನದಿಂದ ನೋಡುವ, ನಮ್ಮ ಮೇಲೆ ಕಾನೂನು ತರುವ ರಾಜಕಾರಣಿಗಳ ಹೆಸರಿಗೆ ನಾನು ಆಮೆನ್ ಹೇಗೆ ಹೇಳಲಿ? ಇದನ್ನು ಕೃಪೆ ಅನ್ನುತ್ತೀರೋ, ಹೇಡಿತನ ಅನ್ನುತ್ತೀರೋ? ಯೇಸುಸ್ವಾಮಿಯೇ ಗಲಿಲಾಯವನ್ನು ಆಳುತ್ತಿದ್ದ ಹೆರೋದನನ್ನು ನರಿ ಅಂದಿಲ್ಲವೇ? ಜೊತೆಗೆ ಅಂಥ ಒಬ್ಬ ರಾಜಕಾರಣಿಯ ಮೇಲೆ ಒಂದು ಹನಿಗವನ ಕಳಿಸಿದ್ದೇನೆ. – ಧಾರವಾಡದ ಓದುಗರು

ಸಂಪಾದಕರ ಉತ್ತರ:

ಸಹೋದರರೇ, ಪತ್ರದ ತುಂಬ ಸಿಟ್ಟಿದೆ. ಇರಬೇಕಾದ್ದೇ. 2021ರಲ್ಲಿ ಕ್ರಿಸ್ಮಸ್‌ಗೆ ಎರಡೇ ದಿನ ಇರುವಾಗ ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆ ಪಾಸು ಮಾಡಿತು. ಆ ವಾರ ನಮ್ಮ ಕಚೇರಿಯ ಫೋನೂ ಬಿಡುವಿಲ್ಲದೆ ಬಡಕೊಂಡಿತ್ತು. ಹೆರೋದನ ಮಾತೂ ಸರಿ, ಲೂಕನ ಸುವಾರ್ತೆ 13ರಲ್ಲಿದೆ. ಸ್ನಾನಿಕ ಯೋಹಾನನಂತೂ ಅವನ ತಪ್ಪನ್ನು ಅವನ ಮುಖಕ್ಕೇ ಹೇಳಿ ತಲೆ ಕಳೆದುಕೊಂಡ. ತಪ್ಪನ್ನು ತಪ್ಪು ಅನ್ನಬೇಡಿ ಎಂದು ನಾನು ಯಾವತ್ತೂ ಬರೆದಿಲ್ಲ. ಇಷ್ಟು ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

ಜಾರ್ಜ್ ವಾಲೇಸ್ ಹೆಸರು ಕೇಳಿದ್ದೀರಾ? ಅಮೆರಿಕದ ಅಲಬಾಮಾ ರಾಜ್ಯದ ಗವರ್ನರ್. 1963ರ ಜನವರಿಯಲ್ಲಿ ಪ್ರಮಾಣವಚನದ ದಿನವೇ ಕರಿಯರು, ಬಿಳಿಯರು ಇಂದೂ ಬೇರೆ, ನಾಳೆಯೂ ಬೇರೆ, ಎಂದೆಂದಿಗೂ ಬೇರೆ ಅಂತ ಗುಡುಗಿದವನು. ಅದೇ ಜೂನ್‌ನಲ್ಲಿ ಇಬ್ಬರು ಕಪ್ಪು ವಿದ್ಯಾರ್ಥಿಗಳು ಒಳಗೆ ಬರದಂತೆ ವಿಶ್ವವಿದ್ಯಾಲಯದ ಬಾಗಿಲಿಗೆ ತಾನೇ ಅಡ್ಡ ನಿಂತ. 1965ರಲ್ಲಿ ಅದೇ ರಾಜ್ಯದ ಸೆಲ್ಮಾದ ಸೇತುವೆ ಮೇಲೆ, ಕಪ್ಪು ಜನರಿಗೆ ಓಟಿನ ಹಕ್ಕು ಕೇಳಿ ಹೊರಟ ಮೆರವಣಿಗೆಯವರ ತಲೆ ಒಡೆದದ್ದು ಇವನ ಪೊಲೀಸರೇ.

1972ರಲ್ಲಿ ಈತ ಅಧ್ಯಕ್ಷ ಹುದ್ದೆಗೆ ಪಕ್ಷದ ಟಿಕೆಟ್ ಕೇಳಿ ಓಡಾಡುತ್ತಿದ್ದ. ಅದೇ ಟಿಕೆಟ್ಟಿಗೆ ಶರ್ಲಿ ಚಿಸಮ್ ಕೂಡ ನಿಂತಿದ್ದರು. ಅಮೆರಿಕದ ಸಂಸತ್ತಿಗೆ ಗೆದ್ದುಬಂದ ಮೊದಲ ಕಪ್ಪು ಮಹಿಳೆ ಅವರು, ನ್ಯೂಯಾರ್ಕಿನ ಬ್ರೂಕ್ಲಿನ್‌ನವರು. ಮೇ 15ರಂದು ಮೇರಿಲ್ಯಾಂಡಿನ ಒಂದು ಶಾಪಿಂಗ್ ಸೆಂಟರಿನಲ್ಲಿ ವಾಲೇಸ್‌ಗೆ ಗುಂಡು ಬಿತ್ತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಚಿಸಮ್ ಪ್ರಚಾರ ನಿಲ್ಲಿಸಿ ಆಸ್ಪತ್ರೆಗೆ ನಡೆದರು. ಇಲ್ಲಿಗೆ ಬಂದಿರಿ ಅಂತ ತಿಳಿದರೆ ನಿಮ್ಮ ಜನ ಏನನ್ನುತ್ತಾರೆ ಅಂತ ವಾಲೇಸ್ ಕೇಳಿದ. ಅವರು ಏನನ್ನುತ್ತಾರೆ ಅಂತ ನನಗೆ ಗೊತ್ತು, ಆದರೆ ನಿಮಗೆ ಆದದ್ದು ಯಾರಿಗೂ ಆಗಬಾರದು ಅಂದರು ಆಕೆ. ವಾಲೇಸ್ ಗಳಗಳ ಅತ್ತ. ಹೊರಟಾಗ ಕೈ ಬಿಡಲೇ ಇಲ್ಲವಂತೆ.

ಬ್ರೂಕ್ಲಿನ್‌ನಲ್ಲಿ ಜನ ಉರಿದುಬಿದ್ದರು. ಉರಿಯದೆ ಇರುತ್ತಾರಾ? ನೀವು ನನಗೆ ಬರೆದಂಥ ಪತ್ರಗಳೇ ಆಕೆಗೂ ಹೋಗಿರಬೇಕು, ಇನ್ನೂ ಖಾರವಾಗಿ. ಆದರೆ ಒಂದು ಗಮನಿಸಿ. ಆಕೆ ಸ್ಪರ್ಧೆಯಿಂದ ಹಿಂದೆ ಸರಿಯಲಿಲ್ಲ. ವಾಲೇಸ್‌ನ ಒಂದೇ ಒಂದು ನಿಲುವನ್ನೂ ಒಪ್ಪಲಿಲ್ಲ. ನೋಡಿ ಬಂದರು, ಅಷ್ಟೇ. ಮುಂದೆ ಮನೆಕೆಲಸದವರಿಗೂ ಕನಿಷ್ಠ ಕೂಲಿ ಸಿಗಬೇಕು ಅಂತ ಆಕೆ ಸಂಸತ್ತಿನಲ್ಲಿ ಹೋರಾಡಿದಾಗ ದಕ್ಷಿಣದ ಸದಸ್ಯರ ವೋಟು ಕೂಡಿಸಲು ವಾಲೇಸ್ ನೆರವಾದ. 1974ರಲ್ಲಿ ಅದು ಕಾನೂನಾಯಿತು. ಆ ಕೆಲಸ ಮಾಡುವವರಲ್ಲಿ ಎಷ್ಟೊಂದು ಜನ ಕಪ್ಪು ಹೆಂಗಸರೇ ಇದ್ದರು ಅನ್ನುವುದು ನೆನಪಿರಲಿ.

1979ರಲ್ಲಿ ಈ ವಾಲೇಸ್ ಗಾಲಿಕುರ್ಚಿಯಲ್ಲಿ, ಯಾರಿಗೂ ಹೇಳದೆ, ಮಾಂಟ್‌ಗೊಮರಿಯ ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಸಭೆಗೆ ಹೋಗಿ ಕ್ಷಮೆ ಕೇಳಿದ. ಒಂದು ಕಾಲಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಸಭಾಪಾಲಕರಾಗಿದ್ದ ಚರ್ಚು ಅದು. ಸೆಲ್ಮಾದ ಸೇತುವೆಯಲ್ಲಿ ತಲೆಬುರುಡೆ ಬಿರುಕು ಬಿಟ್ಟಿದ್ದ ಜಾನ್ ಲೂಯಿಸ್, 1998ರಲ್ಲಿ ವಾಲೇಸ್ ತೀರಿಹೋದಾಗ, ನಾನು ಕ್ಷಮಿಸಿದ್ದೇನೆ ಅಂತ ಪತ್ರಿಕೆಯಲ್ಲಿ ಬರೆದರು. ಎಲ್ಲಾ ಓಟಿಗಾಗಿ ಆಡಿದ ನಾಟಕ ಅನ್ನುವವರು ಇದ್ದೇ ಇದ್ದಾರೆ. ಇರಬಹುದು. 1982ರಲ್ಲಿ ಕಪ್ಪು ಜನರ ಓಟೂ ಬಿದ್ದೇ ಆತ ಗೆದ್ದದ್ದು. ಆದರೆ ಚಿಸಮ್ ಆಸ್ಪತ್ರೆಗೆ ಹೋದಾಗ ಇದ್ಯಾವುದೂ ಆಗಿರಲಿಲ್ಲ, ಆಗುತ್ತದೆ ಅಂತ ಯಾರೂ ಬರೆದುಕೊಟ್ಟಿರಲಿಲ್ಲ.

ಬೈಬಲ್ ಬೇಕಾ? ಅಪೊಸ್ತಲರ ಕೃತ್ಯಗಳು 23 ತೆಗೆಯಿರಿ. ಮಹಾಯಾಜಕ ಅನನೀಯ ವಿಚಾರಣೆಗೆ ನಿಂತ ಅಪೊಸ್ತಲ ಪೌಲನ ಬಾಯಿಗೆ ಹೊಡೆಯಿರಿ ಅನ್ನುತ್ತಾನೆ. ಪೌಲ ರೇಗಿ ‘ಸುಣ್ಣ ಹಚ್ಚಿದ ಗೋಡೆಯೇ’ ಅಂತ ಬೈಯುತ್ತಾನೆ. ಇವನು ಮಹಾಯಾಜಕ ಅಂತ ಗೊತ್ತಾದದ್ದೇ, ಜನರ ಅಧಿಪತಿಯನ್ನು ಬೈಯಬಾರದು ಎಂಬ ವಾಕ್ಯ ನೆನೆದು ನಾಲಿಗೆ ಹಿಡಿಯುತ್ತಾನೆ. ಆದರೆ ಕೇಸು ಬಿಡುತ್ತಾನಾ? ರೋಮಿನ ಚಕ್ರವರ್ತಿ ಕೈಸರನ ತನಕ ಅಪೀಲು ಹೋಗುತ್ತಾನೆ! ಆ ಕೈಸರ ಬೇರೆ ಯಾರೂ ಅಲ್ಲ, ನೀರೋ. ಇದಕ್ಕೆ ಹೇಡಿತನ ಅನ್ನುತ್ತೀರಾ?

ನಿಮ್ಮಂಥವರ ಸಿಟ್ಟು ನನಗೆ ಭಯ ಹುಟ್ಟಿಸುವುದಿಲ್ಲ. ಸಿಟ್ಟು ಭಕ್ತಿಯ ವೇಷ ಹಾಕಿದಾಗ ಭಯವಾಗುತ್ತದೆ. 2009ರ ಸುಮಾರಿಗೆ ಅಮೆರಿಕದಲ್ಲಿ ಕಾರುಗಳ ಹಿಂದೆ ಒಂದು ಸ್ಟಿಕ್ಕರ್ ಬಂತು: ಒಬಾಮಾಗಾಗಿ ಪ್ರಾರ್ಥಿಸಿ, ಕೀರ್ತನೆ 109:8. ತೆಗೆದು ನೋಡಿದರೆ, ಅವನ ದಿನಗಳು ಕಡಿಮೆಯಾಗಲಿ, ಅವನ ಕೆಲಸ ಇನ್ನೊಬ್ಬನಿಗೆ ಹೋಗಲಿ ಅಂತಿದೆ. ಮುಂದಿನ ವಚನ ಇನ್ನೂ ಚೆಂದ. ಅವನ ಮಕ್ಕಳು ಅನಾಥರಾಗಲಿ, ಹೆಂಡತಿ ವಿಧವೆಯಾಗಲಿ! ಬೈಬಲ್ ಚೆನ್ನಾಗಿ ಓದಿಕೊಂಡವರೇ ಅಲ್ವಾ ಇದನ್ನು ಹುಡುಕಿ ತೆಗೆದದ್ದು?

ನಮ್ಮವರೇನು ಕಮ್ಮಿ? ನಾನಿರುವ ಒಂದು ಪ್ರಾರ್ಥನಾ ವಾಟ್ಸ್ಆ್ಯಪ್ ಗುಂಪಿನಲ್ಲಿ, ನಾಯಕರೊಬ್ಬರು ಐಸಿಯು ಸೇರಿದ ಸುದ್ದಿ ಬಂದ ರಾತ್ರಿ, ಬೆಳಗಿನ ಧ್ಯಾನದ ವಾಕ್ಯ ಹಾಕುವ ಹಿರಿಯರೇ ‘ದೇವರ ಲೆಕ್ಕ ಚುಕ್ತಾ’ ಅಂತ ಹಾಕಿದರು. ಕೆಳಗೆ ಸಾಲು ಸಾಲು ಕೈಮುಗಿಯುವ ಚಿತ್ರಗಳು. ಒಬ್ಬರೂ ಬೇಡ ಅನ್ನಲಿಲ್ಲ.

ಇನ್ನೊಂದು ಕಡೆ, ‘ನಮ್ಮ’ ಅಂತ ನಾವು ಅಂದುಕೊಂಡ ರಾಜಕಾರಣಿ ಬಂದರೆ? ಡಿಸೆಂಬರಿನಲ್ಲಿ ನೋಡಬೇಕು. ಕೇಕ್ ಕತ್ತರಿಸಲು ಚಾಕು ಕೈಗಿಟ್ಟು, ಮೈಸೂರು ಪೇಟ ತೊಡಿಸಿ, ಆರಾಧನೆ ಅರ್ಧ ಗಂಟೆ ತಡ ಮಾಡಿ ಕಾಯುತ್ತೇವೆ. ಆತ ಪ್ರತಿ ಚುನಾವಣೆಗೂ ಅದೇ ಸ್ಮಶಾನದ ಜಾಗ ಕೊಡಿಸುವ ಮಾತಾಡುತ್ತಾನೆ, ನಾವು ಅದೇ ಚಪ್ಪಾಳೆ ಹೊಡೆಯುತ್ತೇವೆ. ಹೆರೋದನಿಗೆ ನರಿ ಅನ್ನುವ ಧೈರ್ಯ ಅಲ್ಲಿ ಎಲ್ಲಿ ಹೋಗುತ್ತದೆ? ಆಗದವರಿಗೆ ಶಾಪ, ಆದವರಿಗೆ ಬೆಣ್ಣೆ. ಸುಮ್ನೆ ಒಬ್ಬ ಮನುಷ್ಯ ಅಂತ ಯಾರನ್ನೂ ನೋಡುವುದಿಲ್ಲ. ಇದರ ಬಗ್ಗೆ ಸಭಾಪಾಲಕರಿಗೆ ಬರೆದರೆ, ಸಂಪಾದಕರಿಗೆ ರಾಜಕೀಯ ಜಾಸ್ತಿಯಾಯಿತು ಅಂತ ಉತ್ತರ ಬರುತ್ತದೆ.

ನಿಮ್ಮ ಹನಿಗವನ ಹಾಕುತ್ತಿಲ್ಲ. ಪ್ರಾಸ ಚೆನ್ನಾಗಿಯೇ ಕೂತಿದೆ. ಆದರೆ ಅದರಲ್ಲಿರುವುದು ಆ ಮನುಷ್ಯನ ಕುಂಟು ನಡಿಗೆಯ ಗೇಲಿ. ಅವರು ಬೆಂಬಲಿಸಿದ ಕಾನೂನಿನ ಬಗ್ಗೆ ಒಂದಕ್ಷರವಿಲ್ಲ. ಆ ಕಾನೂನಿನ ಮೇಲೆ ಒಂದು ಲೇಖನ ಬರೆಯಿರಿ. ಎಷ್ಟು ಖಾರ ಇದ್ದರೂ ಸರಿ, ಎರಡು ಪುಟ ಬಿಡುತ್ತೇನೆ. 20ನೇ ತಾರೀಖಿನೊಳಗೆ ಬಂದರೆ ಮುಂದಿನ ಸಂಚಿಕೆಗೇ ಹೋಗುತ್ತದೆ.