ಮನೆಯಲ್ಲಿರುವ ಹಳೆಯ ಕಳ್ಳರ ಅಲಾರಂ ಅನ್ನು ಮಾನಿಟರಿಂಗ್ ಸೇವೆಗೆ ಜೋಡಿಸಬಹುದೇ?

ಹೆಚ್ಚಾಗಿ ಆಗುತ್ತದೆ, ಎಲ್ಲವನ್ನೂ ಕಿತ್ತು ಹಾಕಬೇಕಿಲ್ಲ. ಬಾಗಿಲು, ಕಿಟಕಿಗಳ ವೈರಿನ ಸೆನ್ಸರ್‌ಗಳು ಬರೀ ಸ್ವಿಚ್‌ಗಳು, ಹೊಸ ಪ್ಯಾನೆಲ್‌ಗೂ (ಅಲಾರಂನ ಮುಖ್ಯ ಕಂಟ್ರೋಲ್ ಪೆಟ್ಟಿಗೆ) ಸಾಮಾನ್ಯವಾಗಿ ಹೊಂದುತ್ತವೆ. ವೈರ್‌ಲೆಸ್ ಸೆನ್ಸರ್‌ಗಳದ್ದೇ ಸ್ವಲ್ಪ ತಕರಾರು.

ಮೊದಲು ಈಗಿರುವ ಹಳೆಯ ಪ್ಯಾನೆಲ್‌ನ ಮಾಡೆಲ್ ನಂಬರ್ ನೋಡಿ. ಅದರಲ್ಲಿ ಫೋನ್ ಲೈನ್ ಜೋಡಿಸುವ ಜಾಗವಿದ್ದರೆ, ಅಲ್ಲಿಗೆ ಒಂದು ಕಮ್ಯುನಿಕೇಟರ್ ಸೇರಿಸಿದರೆ ಬಹಳ ಸಲ ಸಾಕಾಗುತ್ತದೆ. ಅಲಾರಂ ಹೊಡೆದಾಗ ಅದು ಸಿಮ್ ಅಥವಾ ಇಂಟರ್ನೆಟ್ ಮೂಲಕ ಮಾನಿಟರಿಂಗ್ ಕೇಂದ್ರಕ್ಕೆ ಸಿಗ್ನಲ್ ಕಳಿಸುತ್ತದೆ. ಎರಡೂ ದಾರಿ ಇರುವುದನ್ನೇ ತೆಗೆದುಕೊಳ್ಳಿ. ಕರೆಂಟ್ ಹೋದರೆ ರೂಟರ್ ಕೂಡ ಮಲಗುತ್ತದೆ, ಅಲ್ವಾ? 2ಜಿ, 3ಜಿ ಮಾತ್ರ ಹಿಡಿಯುವ ಮಾಡ್ಯೂಲ್ ಅಗ್ಗಕ್ಕೆ ಸಿಕ್ಕರೂ ಬೇಡ. ಹಲವು ದೇಶಗಳಲ್ಲಿ ಆ ನೆಟ್‌ವರ್ಕ್‌ಗಳೇ ಮುಚ್ಚಿಹೋಗಿವೆ.

ಇನ್‌ಸ್ಟಾಲರ್ ಕೋಡ್, ಅಂದರೆ ಪ್ಯಾನೆಲ್‌ನ ಸೆಟ್ಟಿಂಗ್ ಬದಲಿಸಲು ಬೇಕಾದ ಕೋಡ್, ಕೈಯಲ್ಲಿದೆಯಾ ನೋಡಿಕೊಳ್ಳಿ. ಹಳೆಯ ಕಂಪನಿ ಅದನ್ನು ಲಾಕ್ ಮಾಡಿದ್ದರೆ ಪ್ಯಾನೆಲ್ಲನ್ನೇ ಬದಲಿಸಬೇಕಾಗಬಹುದು.