ಮೂತ್ರದಲ್ಲಿ ಬಿಲ್ಹಾರ್ಜಿಯಾ ಮೊಟ್ಟೆ ಸಿಕ್ಕಾಗಿದೆ, ಮತ್ತೆ ಸ್ಕ್ಯಾನ್ ಯಾಕೆ?

ನಿಮ್ಮ ಅಣ್ಣ ಕೆಲಸಕ್ಕೆ ಹೋಗಿದ್ದಾಗ ಆಫ್ರಿಕಾದ ಮಲಾವಿ ಸರೋವರದಲ್ಲಿ ಈಜುತ್ತಿದ್ದರು, ಈಗ ಮೂತ್ರದ ಕೊನೆಗೆ ರಕ್ತ ಬರುತ್ತಿದೆ, ಪರೀಕ್ಷೆಯಲ್ಲಿ ಮೊಟ್ಟೆಯೂ ಸಿಕ್ಕಿದೆ, ಇನ್ನು ಅಲ್ಟ್ರಾಸೌಂಡ್ ಯಾಕೆ ಅಂತ ಕೇಳಿದ್ದೀರಿ. ನಾನು ದಿನಾ ಸ್ಕ್ಯಾನ್ ಮಾಡುವವನು, ಅಪರೂಪಕ್ಕೆ ಇಂಥ ಕೇಸೂ ಬರುತ್ತದೆ. ಬಿಲ್ಹಾರ್ಜಿಯಾ ಅಂದರೆ ಕೆರೆ, ಸರೋವರದ ನೀರಿಗೆ ಇಳಿದಾಗ ಚರ್ಮದ ಮೂಲಕ ಮೈಯೊಳಗೆ ಸೇರುವ ಹುಳದ ಸೋಂಕು.

ಸ್ಕ್ಯಾನ್‌ನಲ್ಲಿ ಹುಳ ಕಾಣುವುದಿಲ್ಲ. ಅವು ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ಜೋಡಿಯಾಗಿ ಕೂತಿರುತ್ತವೆ. ಕಾಟ ಕೊಡುವುದು ಮೊಟ್ಟೆಗಳು. ಒಂದಷ್ಟು ಮೂತ್ರದಲ್ಲಿ ಹೊರಗೆ ಹೋಗುತ್ತವೆ, ಉಳಿದವು ಗೋಡೆಯಲ್ಲೇ ಸಿಕ್ಕಿಕೊಂಡು ಊತ, ಗಂಟು ತರುತ್ತವೆ, ವರ್ಷಗಟ್ಟಲೆ ಬಿಟ್ಟರೆ ಅಲ್ಲೇ ಸುಣ್ಣ ಕಟ್ಟುತ್ತದೆ. ಸೋಂಕು ಇದೆಯಾ ಅನ್ನುವುದನ್ನು ಮೂತ್ರ ಪರೀಕ್ಷೆ ಹೇಳಿತು. ಎಷ್ಟು ಹಾಳಾಗಿದೆ ಅಂತ ನೋಡಲು ಸ್ಕ್ಯಾನ್.

ತುಂಬಿದ ಮೂತ್ರಕೋಶದ ಗೋಡೆ ಪರದೆಯ ಮೇಲೆ ತೆಳ್ಳಗಿನ ಗೆರೆಯ ಹಾಗೆ ಕಾಣಬೇಕು. 5 ಮಿಲಿಮೀಟರ್ ದಾಟಿದರೆ ದಪ್ಪ ಅಂತ ಲೆಕ್ಕ. ಒಳಗೆ ಉಬ್ಬು ಕಂಡರೆ ನಾನು ಪಕ್ಕಕ್ಕೆ ಹೊರಳಿ ಅಂತೀನಿ. ರಕ್ತದ ಹೆಪ್ಪಾದರೆ ಸಾಮಾನ್ಯವಾಗಿ ಜಾರಿ ಕೆಳಗೆ ಬರುತ್ತದೆ, ಗೋಡೆಯಿಂದಲೇ ಬೆಳೆದದ್ದಾದರೆ ಅಲ್ಲೇ ಇರುತ್ತದೆ.

ಆದರೆ ನಾನು ಜಾಸ್ತಿ ಹೊತ್ತು ನೋಡುವುದು ಕಿಡ್ನಿಗಳನ್ನು. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ಮೂತ್ರನಾಳದ ಕೆಳತುದಿ ಈ ಮೊಟ್ಟೆಗಳಿಂದ ಕಿರಿದಾದರೆ ಮೂತ್ರ ಹಿಂದಕ್ಕೆ ನಿಂತು ಕಿಡ್ನಿ ಊದಿಕೊಳ್ಳುತ್ತದೆ, ಇದು ನಿಧಾನಕ್ಕೆ ಆಗುವುದರಿಂದ ಎಷ್ಟೋ ಜನಕ್ಕೆ ನೋವೇ ಇರುವುದಿಲ್ಲ, ಗೊತ್ತೇ ಆಗುವುದಿಲ್ಲ. ಇಲ್ಲೊಂದು ಮೋಸವೂ ಇದೆ. ಮೂತ್ರಕೋಶ ವಿಪರೀತ ತುಂಬಿದ್ದರೆ ಆರೋಗ್ಯವಂತರ ಕಿಡ್ನಿಯೂ ಸ್ವಲ್ಪ ಊದಿದ ಹಾಗೆ ಕಾಣುತ್ತದೆ! ಅದಕ್ಕೇ ಮೂತ್ರ ಮಾಡಿಸಿ ಮತ್ತೊಮ್ಮೆ ನೋಡುತ್ತೇವೆ. 1996ರಲ್ಲಿ ನೈಜರ್ ದೇಶದ ನಿಯಾಮೆಯಲ್ಲಿ ತಜ್ಞರು ಸೇರಿ ರೂಪಿಸಿದ ಪದ್ಧತಿಯಲ್ಲೂ ಈ ಎರಡನೇ ನೋಟ ಇದೆ. ಯಾರಾದರೂ ಒಂದೇ ಸಲ ನೋಡಿ ಕಿಡ್ನಿ ಊದಿದೆ ಅಂತ ಬರೆದುಕೊಟ್ಟರೆ ಸುಮ್ನೆ ಹೆದರಬೇಡಿ, ಮೂತ್ರ ಮಾಡಿದ ಮೇಲೆ ನೋಡಿದ್ದೀರಾ ಅಂತ ಕೇಳಿ.

ಸ್ಕ್ಯಾನ್ ಚೆನ್ನಾಗಿ ಬಂತು ಅಂತ ಮಾತ್ರೆ ಬಿಡುವ ಹಾಗಿಲ್ಲ. ಹೊಸ ಸೋಂಕಿನಲ್ಲಿ ಏನೂ ಕಾಣದೇ ಇರಬಹುದು. ಹುಳ ಸಾಯಿಸುವ ಮಾತ್ರೆ ಪ್ರಾಝಿಕ್ವಾಂಟೆಲ್ ಅನ್ನು ಸಾಮಾನ್ಯವಾಗಿ ದೇಹದ ತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ, ಅದು ವೈದ್ಯರು ನೋಡಿಕೊಳ್ಳುತ್ತಾರೆ. ಗೋಡೆಯ ದಪ್ಪ, ಉಬ್ಬು ಎಷ್ಟೋ ಸಲ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಆಗ ಹೋಲಿಸಲು ಇವತ್ತಿನ ಚಿತ್ರ ಬೇಕು. ಇಳಿಯದ ಉಬ್ಬನ್ನು ಮಾತ್ರ ಮೂತ್ರಕೋಶದೊಳಗೆ ಕ್ಯಾಮೆರಾ ಹಾಕಿ ನೋಡಲೇಬೇಕು, ಯಾಕೆಂದರೆ ಹಳೆಯ ಬಿಲ್ಹಾರ್ಜಿಯಾದಿಂದ ಮೂತ್ರಕೋಶದ ಕ್ಯಾನ್ಸರ್ ಬರುವುದುಂಟು.

ಅಣ್ಣನಿಗೆ ನೀರು ಕುಡಿದು ಬರಲು ಹೇಳಿ. ತಡೆಯಲಾಗದಷ್ಟು ಬೇಡ.